ಹುರಿದ ಮಣ್ಣು

ಅಕ್ಕೋರ ಮೂಗಿನ ತುದಿಗೆ ಯಾವಾಗಲೂ ಒಂದಿಷ್ಟು ಮಣ್ಣು ಹತ್ತಿರುತ್ತಿತ್ತು. ಹೆಬ್ಬೆರಳು ತೋರುಬೆರಳಿನ ನಡುವೆ ಚಿಟಿಕೆ ಮಣ್ಣು ಹಿಡಿದು, ನಶ್ಯ ಏರಿಸುವವರ ಹಾಗೆ ಮೂಗಿಗೆ ತಂದು, ಕಣ್ಣು ಮುಚ್ಚಿ ಮೂಸುತ್ತಿದ್ದರು. ಆಮೇಲೆ ಅದೇ ಬೆರಳಿನಿಂದ ಕನ್ನಡಕ ಮೇಲೆ ತಳ್ಳುತ್ತಿದ್ದರು. ಹೀಗಾಗಿ ಮೂಗಿನ ಮೇಲೊಂದು, ಕನ್ನಡಕದ ಗಾಜಿನ ಮೇಲೊಂದು ಕಂದು ಗುರುತು. ಇಸ್ತ್ರಿ ಮಾಡಿದ ನೂಲಿನ ಸೀರೆ, ಸೆರಗಿಗೆ ಪಿನ್ನು, ಒಂದು ಕೂದಲೂ ಹೊರಬೀಳದ ತುರುಬು, ಅದರ ನಡುವೆ ಈ ಮಣ್ಣು. ಮೊದಲ ಸಲ ನೋಡಿದಾಗ ಹೇಳಲೋ ಬೇಡವೋ ಎಂದು ಒದ್ದಾಡಿದ್ದೆ. ಬಾಡಿಗೆ ಮನೆ ಕೇಳಲು ಹೋದವರು ಮಾಲಕರ ಮೂಗಿನ ಸುದ್ದಿ ಎತ್ತುವುದು ಜಾಣತನವಲ್ಲವೆಂದು ಸುಮ್ಮನಾದೆ.

ಅವರು ಧಾರವಾಡದ ಒಂದು ಕಾಲೇಜಿನಲ್ಲಿ ಸೂಕ್ಷ್ಮಜೀವಿಗಳ ವಿಷಯ ಕಲಿಸಿ ನಿವೃತ್ತರಾಗಿದ್ದರು. ನಮ್ಮ ಕಡೆ ಕಲಿಸುವ ಹೆಂಗಸರಿಗೆಲ್ಲ ಅಕ್ಕೋರು ಎಂದೇ ಹೆಸರು, ಸಾಲಿ ಇರಲಿ ಕಾಲೇಜಿರಲಿ. ಮದುವೆಯಾಗಿರಲಿಲ್ಲ. ಮಾಳಮಡ್ಡಿಯ ಸ್ವಂತ ಮನೆಯ ಮೇಲಿನ ಅಂತಸ್ತಿನಲ್ಲಿ ಒಬ್ಬರೇ ಇದ್ದರು. ತೊಂಬತ್ತರ ದಶಕದ ನಡುವಿನಲ್ಲಿ ನಾನು ಮತ್ತು ನಮ್ಮ ಮನೆಯವರು ಕೆಳಗಿನ ಭಾಗಕ್ಕೆ ಬಾಡಿಗೆಗೆ ಬಂದೆವು. ನಮ್ಮ ಮನೆಯವರು ಅದಕ್ಕೂ ಮೊದಲು ಲಕಮನಹಳ್ಳಿಯ ಒಂದು ಕಾರ್ಖಾನೆಯಲ್ಲಿ ಡಬ್ಬಿಗಳ ಮೇಲೆ ಹೆಸರು ಛಾಪಿಸುತ್ತಿದ್ದರು. ಅದನ್ನು ಬಿಟ್ಟು, ಮನೆಯಲ್ಲೇ ಸ್ಕ್ರೀನ್ ಪ್ರಿಂಟಿಂಗ್ ಪ್ರೆಸ್ಸು ಹಾಕುವ ಹುಮ್ಮಸ್ಸಿನಲ್ಲಿದ್ದರು. ಅಕ್ಕೋರು ಬೇಡವೆನ್ನಲಿಲ್ಲ. ಹಿತ್ತಲಿಗೆ ಫಿನಾಯಿಲ್ ಸುರಿಯಬಾರದು ಎಂಬ ಒಂದೇ ಶರತ್ತು ಹಾಕಿದರು. ಯಾಕೆಂದು ಕೇಳಿದ್ದಕ್ಕೆ, "ಅಲ್ಲಿ ನಮಗಿಂತ ಮೊದಲಿಂದ ಬಾಡಿಗಿ ಇದ್ದವ್ರು ಭಾಳ ಮಂದಿ ಅದಾರ" ಎಂದರು. ಹಿತ್ತಲಲ್ಲಿ ಒಂದು ನಲ್ಲಿ, ಒಂದು ಕಲ್ಲು ಬಿಟ್ಟರೆ ಏನೂ ಇರಲಿಲ್ಲ. ಮೂಗಿನ ಮಣ್ಣಿನ ಜೊತೆ ಇದೂ ಒಂದು ಎಂದುಕೊಂಡೆ.

ಮೇಲೆ ಅವರ ಮನೆಗೆ ಉದ್ದಕ್ಕೂ ಒಂದು ವರಾಂಡ. ಬೆಳಗಿನ ಬಿಸಿಲು, ದಿನವಿಡೀ ಗಾಳಿ. ಅದರ ತುಂಬ ಕುಂಡಗಳು. ಬಣ್ಣದ ಎಲೆಗಳು, ಜರಿಗಿಡಗಳು, ತಾಯಿಯ ಕಾಲದ ಒಂದು ಹಳೆಯ ತುಳಸಿ. ಗಿಡಗಳ ನಡುವೆ ಬೆತ್ತದ ಕುರ್ಚಿ ಹಾಕಿಕೊಂಡು ಅಲ್ಲೇ ಓದು, ಅಲ್ಲೇ ಚಹಾ. ಊಟದ ಮೇಜಿನ ಮೇಲೆ ಸೂಕ್ಷ್ಮದರ್ಶಕ, ಅದಕ್ಕೆ ಕಸೂತಿ ಹಾಕಿದ ಮುಸುಕು. ದೇವರ ಮೂರ್ತಿ ಇರಬಹುದೆಂದು ನಾನು ಮೊದಲ ದಿನ ಕೈಮುಗಿದಿದ್ದೆ. ಅಕ್ಕೋರು ನಗಲಿಲ್ಲ. ಮುಸುಕು ತೆಗೆದು, ನಮ್ಮ ಮನೆಯ ಮೊಸರನ್ನೇ ಒಂದು ಹನಿ ಹಚ್ಚಿ ತೋರಿಸಿದರು. ಸಣ್ಣ ಸಣ್ಣ ಕಡ್ಡಿ, ಸಣ್ಣ ಸಣ್ಣ ಚುಕ್ಕಿ.

"ದಿನಾ ಇವನ್ನ ಉಣ್ಣತೀ. ಹೆಸರು ಕೇಳಿದ್ರ ಅಂಜತೀ," ಎಂದರು.

ಯಾರು ಏನೇ ಹೇಳಲಿ, ಅವರದು ಒಂದೇ ಉತ್ತರ: "ತಡೀರಿ, ನೋಡೂಣು." ಮಳೆ ಬರುತ್ತದೆ ಎಂದರೂ ಅದೇ, ಸರಕಾರ ಬೀಳುತ್ತದೆ ಎಂದರೂ ಅದೇ. ಓಣಿಯ ಹುಡುಗಿಗೆ ಛಲೋ ವರ ಸಿಕ್ಕಿದ್ದಾನೆ ಎಂದು ಪೇಢೆ ತಂದುಕೊಟ್ಟವರಿಗೂ, ಪೇಢೆ ಬಾಯಲ್ಲಿಟ್ಟುಕೊಂಡೇ, "ತಡೀರಿ, ನೋಡೂಣು" ಎಂದುಬಿಟ್ಟಿದ್ದರು. ಆ ಮನೆಯವರು ಒಂದು ವರ್ಷ ಮಾತು ಬಿಟ್ಟರು. ಅಕ್ಕೋರಿಗೆ ಅದು ಗೊತ್ತಾದದ್ದೇ ಅವರು ಮತ್ತೆ ಮಾತಾಡಿಸಿದಾಗ.

ನಮ್ಮ ಪ್ರೆಸ್ಸು ಎಂದರೆ ದೊಡ್ಡ ಯಂತ್ರವೇನಲ್ಲ. ಒಂದು ಮೇಜು, ತೆಳು ಬಟ್ಟೆ ಬಿಗಿದ ಕಟ್ಟಿಗೆಯ ಚೌಕಟ್ಟುಗಳು, ಇಂಕು ಎಳೆಯುವ ರಬ್ಬರಿನ ಹಲಗೆ, ಒಣಗಿಸಲು ತಂತಿಯ ರ‍್ಯಾಕು. ಲಗ್ನಪತ್ರಿಕೆ, ಅಂಗಡಿಯ ಕೈಚೀಲ, ಅತ್ತರಿನ ಡಬ್ಬಿ, ಬಂದದ್ದೆಲ್ಲ ಛಾಪಿಸುತ್ತಿದ್ದೆವು. ಇಂಕು ತೆಳ್ಳಗೆ ಮಾಡಲು ಥಿನ್ನರ್, ಚೌಕಟ್ಟು ತೊಳೆಯಲು ಥಿನ್ನರ್, ಕೈ ಒರೆಸಲೂ ಥಿನ್ನರ್. ಕಿಟಕಿ ತೆರೆದರೆ ಧಾರವಾಡದ ಧೂಳು ಬಂದು ಹಸಿ ಇಂಕಿನ ಮೇಲೆ ಕೂರುತ್ತದೆ. ಫ್ಯಾನು ಹಾಕಿದರೆ ಇಂಕು ಬಟ್ಟೆಯ ಸಂದಿನಲ್ಲೇ ಒಣಗಿ ಚೌಕಟ್ಟು ಕೆಡುತ್ತದೆ. ಹೀಗಾಗಿ ಕಿಟಕಿ ಮುಚ್ಚಿ, ಫ್ಯಾನು ಆರಿಸಿ, ಬಾಗಿಲು ಎಳೆದುಕೊಂಡು ಕೆಲಸ. ಸಂಜೆಗೆ ತಲೆ ಸಿಡಿಯುತ್ತಿತ್ತು. ರೊಟ್ಟಿ ತಿಂದರೂ ಥಿನ್ನರ್, ಪಲ್ಯ ತಿಂದರೂ ಥಿನ್ನರ್. ಕಸುಬು ಅಂದಮೇಲೆ ಇಷ್ಟು ಇರುವುದೇ ಎಂದು ಒಂದು ಗುಳಿಗೆ ನುಂಗಿ ಮಲಗುತ್ತಿದ್ದೆ.

ನಮ್ಮ ಮನೆಯವರ ಕೈ ಚುರುಕು. ಕಣ್ಣು ಮಾತ್ರ ಬಣ್ಣದ ವಿಷಯದಲ್ಲಿ ಹುಟ್ಟಿನಿಂದಲೇ ಕೈಕೊಟ್ಟಿತ್ತು. ಕೆಂಪು ಯಾವುದು, ಕಂದು ಯಾವುದು ಅವರಿಗೆ ತಿಳಿಯುತ್ತಿರಲಿಲ್ಲ. ಬಣ್ಣ ಕಲಸುವುದು ನನ್ನ ಪಾಲಿನದು. ಕುಂಕುಮದ ಕೆಂಪು ಒಂದು ಗುಂಜಿ ಹೆಚ್ಚಾದರೂ ಹೆಣ್ಣಿನ ಕಡೆಯವರು ಪತ್ರಿಕೆಯ ಕಟ್ಟನ್ನೇ ತಿರುಗಿ ತಂದು ಇಡುವ ಊರು ಇದು.

ಒಂದು ವರ್ಷ ದೀಪಾವಳಿ ಮುಗಿದು ಲಗ್ನದ ಸೀಜನ್ನು ಶುರುವಾಗುವ ಹೊತ್ತಿಗೆ ನಾನು ಬಸುರಿಯಾದೆ. ಹಿಂದೆ ಒಮ್ಮೆ ಆಗಿ, ಮೂರು ತಿಂಗಳು ತುಂಬುವ ಮೊದಲೇ ಹೋಗಿತ್ತು. ಯಾಕೆ ಹೋಯಿತೆಂದು ಯಾರಿಗೂ ಗೊತ್ತಿಲ್ಲ. ಈ ಸಲ ಡಾಕ್ಟರು ಪ್ರೆಸ್ಸಿನ ವಾಸನೆಯಿಂದ ದೂರ ಇರಿ ಎಂದರು. ನಾನು ದೂರ ಇದ್ದರೆ ಬಣ್ಣ ಕಲಸುವವರು ಯಾರು? ಬಣ್ಣ ಕೆಟ್ಟರೆ ಗಿರಾಕಿ ಹೋಗುತ್ತಾರೆ, ಗಿರಾಕಿ ಹೋದರೆ ಪ್ರೆಸ್ಸು ಹೋಗುತ್ತದೆ. ನನಗೆ ಕೂಸೂ ಬೇಕಾಗಿತ್ತು, ಪ್ರೆಸ್ಸೂ ಬೇಕಾಗಿತ್ತು. ಎರಡರಲ್ಲಿ ಒಂದನ್ನು ಆರಿಸು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಮನೆಯಲ್ಲಿ ಎಲ್ಲರೂ ಅದನ್ನೇ ಯೋಚಿಸುತ್ತಿದ್ದೆವು.

ಅದೇ ಹೊತ್ತಿಗೆ ನಮ್ಮ ಮನೆಯವರು ಪೇಪರಿನಲ್ಲಿ ಒಂದು ಸುದ್ದಿ ಓದಿದರು. ಕುಂಡದ ಗಿಡಗಳು ಮನೆಯೊಳಗಿನ ಕೆಟ್ಟ ಗಾಳಿಯನ್ನು ಹೀರಿಕೊಳ್ಳುತ್ತವೆ, ಬಾಹ್ಯಾಕಾಶಕ್ಕೆ ಮಂದಿಯನ್ನು ಕಳಿಸುವವರು ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ ಎಂದು. ಮರುದಿನವೇ ಒಂದು ಟೆಂಪೊ ಬಂತು. ಮನಿಪ್ಲಾಂಟು, ಹಾವಿನ ಮೈಯ ಹಾಗೆ ಪಟ್ಟೆಯಿರುವ ಉದ್ದೆಲೆಯ ಗಿಡ, ಇನ್ನೂ ಹೆಸರು ಗೊತ್ತಿಲ್ಲದವು. ಪ್ರೆಸ್ಸಿನ ಖೋಲಿ ನರ್ಸರಿಯಾಯಿತು. ನಾನು ಎಲೆ ಹೊಳೆಯಲೆಂದು ಕೊಬ್ಬರಿ ಎಣ್ಣೆ ಒರೆಸಿದೆ.

ಅಕ್ಕೋರು ಕೆಳಗಿಳಿದು ಬಂದರು. ಬಾಗಿಲಲ್ಲೇ ನಿಂತು ಒಂದು ಎಲೆ ಸವರಿ ಬೆರಳು ನೋಡಿಕೊಂಡರು.

"ಎಣ್ಣಿ ಹಚ್ಚೀಯಲ್ಲ ತಂಗಿ, ಗಿಡಕ್ಕೂ ದೀಪಾವಳಿ ಸ್ನಾನ ಏನು?"

ಪೇಪರಿನ ಸುದ್ದಿ ಹೇಳಿದೆವು. ಅವರು ಎಲೆ ಬಿಟ್ಟು, ಕುಂಡದ ಮಣ್ಣಿಗೆ ಕೈ ಹಾಕಿ ಚಿಟಿಕೆ ಮೂಗಿಗೆ ಹಿಡಿದರು.

"ಎಲಿ ತನ್ನ ಪಾಲಿಂದು ಸ್ವಲ್ಪ ಮಾಡತೈತಿ. ಖರೇ ಉಣ್ಣೂವು ಕೆಳಗ, ಬೇರಿನ ಸುತ್ತ ಅದಾವ. ಬ್ಯಾಕ್ಟೀರಿಯಾ. ಗಿಡ ಅವಕ್ಕ ಬೇರಿನಿಂದ ಒಂದೀಟು ಸಕ್ಕರಿ ಕೊಟ್ಟು ಸಾಕತೈತಿ. ಅವು ಇಂಥಾ ವಾಸನಿ ಸಿಕ್ರ ಅದನ್ನೂ ಉಂಡು ಅರಗಿಸಿಕೊಂತಾವ. ಆದ್ರ ಈ ಮಣ್ಣಿನ್ಯಾವು ಥಿನ್ನರ್ ಎಲ್ಲಿ ಕಂಡಾವ? ಅವಕ್ಕ ರೂಢಿ ಇಲ್ಲ."

ಅಲ್ಲಿಂದ ನೇರ ಹಿತ್ತಲಿಗೆ ನಡೆದರು. ನಾವು ಚೌಕಟ್ಟು ತೊಳೆಯುತ್ತಿದ್ದ ಕಲ್ಲಿನ ಬದಿಯ ಮಣ್ಣು ವರ್ಷಗಟ್ಟಲೆ ಥಿನ್ನರ್ ಕುಡಿದು ಕಪ್ಪಾಗಿತ್ತು. ಮೊದಲು ಅಲ್ಲಿ ಒಂದು ಹುಲ್ಲುಕಡ್ಡಿಯೂ ಹುಟ್ಟುತ್ತಿರಲಿಲ್ಲ. ಸತ್ತ ಮಣ್ಣು ಎಂದು ನಾವು ಅದರ ಮೇಲೆ ಕಾಲಿಡುತ್ತಿರಲಿಲ್ಲ. ಅಕ್ಕೋರು ಕುಕ್ಕರಗಾಲಲ್ಲಿ ಕೂತು ತೋರಿಸಿದರು: ಆ ಕಪ್ಪಿನ ನಡುವೆ ಗರಿಕೆ ಚಿಗುರಿತ್ತು. ಚಿಟಿಕೆ ಮೂಸಿದರು. ಇನ್ನೊಮ್ಮೆ ಮೂಸಿದರು. ಅವರ ಮುಖ ಅಷ್ಟು ಅರಳಿದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

"ಇವು ಕಲತಾವ ನೋಡು. ಇದ ನಮಗ ಹೆಪ್ಪು."

ಹೆಪ್ಪು ಹಾಕುವುದನ್ನು ನನಗೆ ಯಾರೂ ಕಲಿಸಬೇಕಿರಲಿಲ್ಲ. ಮನೆಯ ಮೊಸರು ಹುಳಿಯಾದರೆ ಪಕ್ಕದ ಮನೆಯಿಂದ ಒಂದು ಚಮಚ ತಂದು ಹಾಲಿಗೆ ಬಿಟ್ಟು ಮುಚ್ಚಿಡುವುದಿಲ್ಲವೇ, ಹಾಗೆ ಆ ಕಪ್ಪು ಮಣ್ಣಿನ ಒಂದೊಂದು ಹಿಡಿಯನ್ನು ಎಲ್ಲ ಕುಂಡಗಳಿಗೂ ಕಲಸಿದೆವು. ಕುಂಡಗಳನ್ನು ಅರ್ಧ ಪ್ರೆಸ್ಸಿನಲ್ಲಿ, ಅರ್ಧ ನಾನು ಮಲಗುವ ಖೋಲಿಯಲ್ಲಿ ಇಟ್ಟೆವು. ಫಲ ಏನೆಂದು ತಿಳಿಯುವವರೆಗೆ ನಾನು ಪ್ರೆಸ್ಸಿನೊಳಗೆ ಕಾಲಿಡಬಾರದು ಎಂದು ಅಕ್ಕೋರು ಅಪ್ಪಣೆ ಮಾಡಿದರು. ಅವರು ನಮಗೆ ಅಪ್ಪಣೆ ಮಾಡಿದ್ದು ಅದೇ ಮೊದಲು.

ಇಷ್ಟರಲ್ಲಿ ಹೆಬ್ಬಳ್ಳಿಯಿಂದ ನಮ್ಮ ಅತ್ತೆ ಬಂದರು. ಸೊಸೆಯನ್ನು ನೋಡಿಕೊಳ್ಳಲು ಜೋಳದ ಹಿಟ್ಟು, ಕೊತ್ತಂಬರಿ ಬೀಜದ ಪುಡಿ, ತಮ್ಮ ಕಬ್ಬಿಣದ ಬಾಣಲೆ ಸಮೇತ. ಪಟ್ಟಣದ ಬಾಣಲೆಯಲ್ಲಿ ಅವರಿಗೆ ನಂಬಿಕೆ ಇರಲಿಲ್ಲ. ಅತ್ತೆ ಮಾತು ಕಡಿಮೆ, ಕೆಲಸ ಹೆಚ್ಚು. ಬಂದ ದಿನವೇ ಅಡಿಗೆಮನೆಯ ರವೆಯನ್ನೆಲ್ಲ ಹುರಿದು ಡಬ್ಬಿಗೆ ತುಂಬಿದರು. ಹುರಿಯದ ರವೆಯಲ್ಲಿ ಹುಳ ಬೀಳುತ್ತವೆ, ಬಸುರಿ ಇರುವ ಮನೆಯಲ್ಲಿ ಅಂಥದ್ದು ಇರಬಾರದು ಎಂಬುದು ಅವರ ಕಟ್ಟಳೆ. ಅಕ್ಕೋರು ಅವರ ಮುಂದೆಯೂ ಕುಂಡದ ಮಣ್ಣು ತೋರಿಸಿ, ಇದರೊಳಗೆ ಕಣ್ಣಿಗೆ ಕಾಣದ ಕೋಟಿ ಜೀವಗಳಿವೆ ಎಂದು ಸಂಭ್ರಮದಿಂದ ವಿವರಿಸಿದರು. ಅತ್ತೆ ಕೈಕಟ್ಟಿಕೊಂಡು ಪೂರ್ತಿ ಕೇಳಿದರು. "ಹೌದ್ರಿ ಅಕ್ಕೋರ" ಎಂದರು.

ಕೆಲವು ವಾರ ಕಳೆದವು. ನಮ್ಮ ಮನೆಯವರು ಒಬ್ಬರೇ ಬಣ್ಣ ಕಲಸಿ ಒಂದು ಲಗ್ನದ ಪತ್ರಿಕೆಗಳನ್ನೆಲ್ಲ ಬೆಲ್ಲದ ಬಣ್ಣಕ್ಕೆ ಇಳಿಸಿದರು. ಹುಡುಗಿಯ ಅಪ್ಪ ಬಂದು, "ಇದು ಲಗ್ನಪತ್ರಿಕೇನೋ, ತಿಥಿ ಪತ್ರಿಕೇನೋ?" ಎಂದು ಓಣಿಗೆ ಕೇಳುವ ಹಾಗೆ ಕೂಗಾಡಿ ಹೋದರು. ನನಗೆ ತಡೆಯಲಾಗಲಿಲ್ಲ. ಮೇಲೆ ಹೋಗಿ, "ಅಕ್ಕೋರ, ಈಗ ವಾಸನಿ ಕಡಿಮಿ ಆಗೇತ್ರಿ. ಬಾಗಲದಾಗ ನಿಂತ್ರ ಗೊತ್ತಾಗತೈತಿ. ನಾ ಒಳಗ ಹೋಗ್ಲೇನ್ರಿ?" ಎಂದು ಕೇಳಿದೆ.

"ನಿನ್ನ ಮೂಗಿನ ಸಾಕ್ಷಿ ನಡಿಯೂದಿಲ್ಲ. ಅದು ಥಿನ್ನರ್‌ಗೆ ಒಗ್ಗೇತಿ, ಮ್ಯಾಲ ನಿನಗ ಗರಜೂ ಐತಿ. ಗರಜು ಇದ್ದವರ ಮೂಗು ತನಗ ಬೇಕಾದ್ದ ಮೂಸತೈತಿ. ತಡೀ, ನೋಡೂಣು."

ನೋಡುವುದು ಹೇಗೆಂದು ಅವರೇ ಹುಡುಕಿದರು. ಅಂಗಡಿಯವರು ಪೆಪ್ಪರಮಿಂಟು ತುಂಬಿಡುವ ದೊಡ್ಡ ಗಾಜಿನ ಬರಣಿಗಳನ್ನು ತರಿಸಿದರು. ಒಂದಿಷ್ಟು ಸಣ್ಣ ಕುಂಡಗಳನ್ನು ಕೆಳಗಿನಿಂದ ಆರಿಸಿ ಬರಣಿಗೊಂದರಂತೆ ಇಟ್ಟರು. ಕೆಲವು ಬರಣಿ ಖಾಲಿ. ಎಲ್ಲದರೊಳಗೂ ಅರಳೆಯ ಮೇಲೆ ಒಂದು ಹನಿ ಥಿನ್ನರ್, ಮೇಲೆ ಬಿಗಿ ಮುಚ್ಚಳ, ಮೇಣ. ಕೆಲವು ದಿನಕ್ಕೊಮ್ಮೆ ತೆರೆದು ಮತ್ತೊಂದು ಹನಿ. ಹೀಗೆ ಉಣಿಸಿ ಉಣಿಸಿ ರೂಢಿ ಮಾಡಿಸಬೇಕು ಎಂದರು. ಕಡೆಗೆ ಬರಣಿಗಳಿಗೆಲ್ಲ ಹಳೆಯ ಪೇಪರು ಸುತ್ತಿ, ಒಳಗೇನಿದೆ ಎಂದು ಕಾಣದ ಹಾಗೆ ಮಾಡಿ, ನಮ್ಮಲ್ಲಿ ಡಬ್ಬಿ ಛಾಪಿಸಲು ಕೊಡುತ್ತಿದ್ದ ಹುಬ್ಬಳ್ಳಿಯ ಅತ್ತರ್ ಸಾಹೇಬರನ್ನು ಕರೆಸಿದರು.

ಸಾಹೇಬರು ತಮ್ಮ ಮೂಗಿಗೆ ಇಷ್ಟು ಮರ್ಯಾದೆ ಸಿಕ್ಕಿದ್ದಕ್ಕೆ ಬಿಳಿ ಟೊಪ್ಪಿಗೆ ಸರಿಮಾಡಿಕೊಂಡು ಕೂತರು. ಮುಂಜಾನೆಯಿಂದ ಅಂಗಡಿ ತೆರೆದಿಲ್ಲ, ಅತ್ತರು ಮುಟ್ಟಿಲ್ಲ, ಚಹಾ ಕೂಡ ಕುಡಿದಿಲ್ಲ ಎಂದರು. ಒಂದೊಂದೇ ಮುಚ್ಚಳ ಒಂದಿಷ್ಟೇ ಸರಿಸಿ ಗಾಳಿಯನ್ನು ಕೈಯಿಂದ ಮೂಗಿನ ಕಡೆ ತಂದುಕೊಂಡರು.

"ಇದು ಸಾಫ್ ಐತ್ರಿ. ಮಳಿ ಬಿದ್ದ ಮಣ್ಣಿನ ವಾಸ. ಇದ್ರಾಗ ಥಿನ್ನರ್ ಐತಿ, ಬರೋಬ್ಬರಿ ಐತಿ. ಇದೂ ಸಾಫ್. ಇದು ಥಿನ್ನರ್."

ಪೇಪರು ಬಿಚ್ಚಿದರು. ಖಾಲಿ ಬರಣಿಗಳೆಲ್ಲ ಥಿನ್ನರ್ ಎಂದು ಬಂದಿದ್ದವು, ಅದು ಸರಿ. ಗಿಡವಿದ್ದ ಕೆಲವು ಬರಣಿ ಸ್ವಚ್ಛವಾಗಿದ್ದವು, ಅದೂ ಸರಿ. ಆದರೆ ಗಿಡವಿದ್ದ ಇನ್ನು ಕೆಲವು ಖಾಲಿ ಬರಣಿಗಳಂತೆಯೇ ನಾರುತ್ತಿದ್ದವು. ಅದೇ ಮನಿಪ್ಲಾಂಟು, ಅದೇ ಹಸಿರು, ಎಲೆಗಳೂ ತಾಜಾ. ಅಕ್ಕೋರು ಕುಂಡ ಹೊರಗೆ ತೆಗೆದು ಚಿಟಿಕೆ ಮೂಸಿದರು. ಮುಖ ಗಂಟಿಕ್ಕಿತು. "ಥಿನ್ನರ್ ಬಿಟ್ರ ಇದಕ್ಕ ಬ್ಯಾರೆ ವಾಸನೀನ ಇಲ್ಲ. ಮಣ್ಣಿಗೆ ಮಣ್ಣಿನ ವಾಸನಿ ಇಲ್ಲ" ಎಂದರು.

ಆಗ ಬಾಗಿಲಲ್ಲಿ ನಿಂತಿದ್ದ ನಮ್ಮ ಅತ್ತೆ ಮಾತಾಡಿದರು.

"ಅಕ್ಕೋರ, ಅವು ಸೊಸಿ ಮಲಗೂ ಖೋಲ್ಯಾಗಿನ ಕುಂಡಾರಿ. ಅದ್ರಾಗಿನ ಮಣ್ಣು ನಾ ಹುರದೇನ್ರಿ."

ಅಕ್ಕೋರು ಕನ್ನಡಕ ಮೇಲೆ ತಳ್ಳಿ ತಿರುಗಿ ನೋಡಿದರು. ಅತ್ತೆ ಮುಂದುವರಿಸಿದರು.

"ಜೀವ ಅದಾವ ಅಂದ್ರೆಲ್ಲಾ ನೀವು? ಬಸರ ಹೆಂಗಸು ಮಲಗೂ ಕಡೆ ಅಂಥಾವೆಲ್ಲ ಇರಬಾರದ್ರಿ. ಗಿಡಾ ಕಿತ್ತು, ಮಣ್ಣು ಬಾಣಲ್ಯಾಗ ಹಾಕಿ ರವಾ ಹುರದಂಗ ಹುರದು, ಆರಿಸಿ, ಮತ್ತ ಗಿಡಾ ಹಚ್ಚೇನಿ. ಗಿಡಕ್ಕ ಏನೂ ಆಗಿಲ್ರಿ, ನೋಡ್ರಿ ಬೇಕಾದ್ರ."

ನಾನು ಭೂಮಿಗಿಳಿದು ಹೋದೆ. ನಮ್ಮ ಮನೆಯವರು ತಾಯಿಯ ಮೇಲೆ ಬಾಯಿ ತೆರೆಯುವಷ್ಟರಲ್ಲಿ ಅಕ್ಕೋರು ನೆಲದ ಮೇಲೆಯೇ ಕೂತುಬಿಟ್ಟರು. ಅವರ ಭುಜಗಳು ಅಲುಗುತ್ತಿದ್ದವು. ಅಳುತ್ತಿದ್ದಾರೆ ಎಂದುಕೊಂಡೆ. ನಗುತ್ತಿದ್ದರು. ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಆಮೇಲೆ ಅತ್ತೆಯ ಕೈ ಹಿಡಿದು ತಮ್ಮ ಬದಿಗೆ ಕೂರಿಸಿಕೊಂಡು ವಿಚಾರಣೆ ಶುರು ಮಾಡಿದರು. ಉರಿ ಎಷ್ಟಿತ್ತು, ಮಣ್ಣು ಎಷ್ಟು ಹೊತ್ತು ಬಾಣಲೆಯಲ್ಲಿತ್ತು, ಗಿಡದ ಬೇರು ತೊಳೆದಿದ್ದರೋ ಇಲ್ಲವೋ. ಅತ್ತೆ ಹಬ್ಬದ ಅಡಿಗೆಯ ಹದ ಹೇಳಿದ ಹಾಗೆ ಎಲ್ಲ ಹೇಳಿದರು. ಬೇರನ್ನೂ ಬಿಸಿನೀರಲ್ಲಿ ತೊಳೆದಿದ್ದರಂತೆ, ಅರ್ಧ ಕೆಲಸ ಅವರಿಗೆ ಒಗ್ಗದು.

"ಅವ್ವಾರ, ಇದನ್ನ ಖರೇ ನಾನು ಮಾಡಬೇಕಾಗಿತ್ತು. ನಲವತ್ತು ವರ್ಷ ಹುಡುಗರಿಗೆ ಹೇಳಿಕೊಟ್ಟಾಕಿ, ನನ್ನ ಮನ್ಯಾಗ ಮರತೆ. ಗಿಡಾ ಅದ, ಎಲಿ ಅದ, ಕುಂಡಾ ಅದ. ನೀವು ಕೊಂದದ್ದು ಕಣ್ಣಿಗೆ ಕಾಣಲಾರದ್ದು ಅಷ್ಟ. ವಾಸನಿ ಹಂಗ ಉಳೀತು. ಅಂದ್ರ ಉಣ್ಣೂವು ಯಾವು ಅಂತ ಈಗ ಗೊತ್ತಾತಲ್ಲ."

ಅತ್ತೆಗೆ ಇದು ಹೊಗಳಿಕೆಯೋ ಬೈಗುಳವೋ ತಿಳಿಯಲಿಲ್ಲ. ಸಾಹೇಬರಿಗೆ ಚಹಾ ಮಾಡಲು ಎದ್ದು ಹೋದರು. ಅಕ್ಕೋರು ಅಷ್ಟಕ್ಕೇ ಬಿಡಲಿಲ್ಲ. ಹುರಿದ ಮಣ್ಣಿನ ಕುಂಡಗಳಿಗೆ ಮತ್ತೆ ಹಿತ್ತಲಿನ ಹೆಪ್ಪು ಕೊಟ್ಟು, ಮತ್ತೆ ಹನಿ ಹನಿ ಥಿನ್ನರ್ ಉಣಿಸಿ, ಮತ್ತೆ ಸಾಹೇಬರನ್ನು ಕರೆಸಿದರು. ಈ ಸಲ ಆ ಬರಣಿಗಳೂ ಸಾಫ್.

ಅಂದು ನಮ್ಮ ಮನೆಯಲ್ಲಿ ಹಬ್ಬ. ನಮ್ಮ ಮನೆಯವರು ಪ್ರೆಸ್ಸಿನಲ್ಲಿ ನನ್ನ ಸ್ಟೂಲು ಒರೆಸಿ ಇಟ್ಟರು. ಇನ್ನಷ್ಟು ಕುಂಡ, ಇನ್ನಷ್ಟು ಹೆಪ್ಪಿನ ಮಣ್ಣು, ನಾಳೆಯಿಂದಲೇ ಕೆಲಸ ಎಂದು ಲೆಕ್ಕ ಹಾಕಿದೆವು. ಸೀಜನ್ನು ಇನ್ನೂ ಮುಗಿದಿರಲಿಲ್ಲ. ಮೇಲೆ ಹೋಗಿ ಅಕ್ಕೋರಿಗೆ ಹೇಳಿದೆವು.

"ಇಲ್ಲ," ಎಂದರು.

ಈ ಒಂದು ಸಲ "ತಡೀರಿ, ನೋಡೂಣು" ಬರಲಿಲ್ಲ.

"ಬರಣಿ ಬ್ಯಾರೆ, ಖೋಲಿ ಬ್ಯಾರೆ. ಬರಣ್ಯಾಗ ಒಂದು ಹನಿ ಹಾಕಿ ಎಷ್ಟು ದಿನಾ ಕಾದ್ವಿ? ಖೋಲ್ಯಾಗ ನೀವು ಮುಂಜಾನಿಂದ ಸಂಜೀತನಾ ಥಿನ್ನರ್ ಸುರೀತೀರಿ. ಅವು ಉಣ್ಣೂಕಿಂತ ಲಗೂ ನಿನ್ನ ಎದಿಯೊಳಗ ಹೋಗತೈತಿ. ಆ ಖೋಲಿಗೆ ಸಾಕಾಗುವಷ್ಟು ಗಿಡಾ ಇಟ್ರ ಮೇಜು ಇಡಾಕ ಜಾಗಾ ಇರೂದಿಲ್ಲ."

ನಮ್ಮ ಮನೆಯವರಿಗೆ ಸಿಟ್ಟು ನೆತ್ತಿಗೇರಿತು. "ಹಂಗಿದ್ರ ಇಷ್ಟೆಲ್ಲಾ ಯಾಕ ಮಾಡಿದ್ರಿ ಅಕ್ಕೋರ? ಸುಳ್ಳ ಆಸೆ ಹಚ್ಚಾಕೇನ್ರಿ?"

"ಖರೇ ಏನಂತ ತಿಳಕೊಳ್ಳಾಕ್ರಿ. ಬ್ಯಾಕ್ಟೀರಿಯಾ ಉಣ್ಣತಾವ ಅನ್ನೂದು ಖರೇ. ನಿಮ್ಮ ಖೋಲಿಗೆ ಅವು ಸಾಲೂದಿಲ್ಲ ಅನ್ನೂದೂ ಖರೇ. ಒಂದನ್ನ ಹೇಳಿ ಇನ್ನೊಂದನ್ನ ಮುಚ್ಚಿಡಾಕ ನನ್ನ ಕೈಲೆ ಆಗೂದಿಲ್ಲ."

ನನಗೆ ಅಳು ಬಂತು. ಗಟ್ಟಿಯಾಗಿ, ಮರ್ಯಾದೆ ಬಿಟ್ಟು ಅತ್ತುಬಿಟ್ಟೆ. ಇಷ್ಟು ಕಲಿತ ಹೆಂಗಸಿಗೆ ಒಂದು ಹೌದು ಅನ್ನಲು ಏನಾಗಿತ್ತು ಎಂದು ಅವರ ಮೇಲೆ ಕೋಪ ಬಂತು. ಅವರು ನನ್ನನ್ನು ಸಮಾಧಾನ ಮಾಡಲಿಲ್ಲ. ಬೆತ್ತದ ಕುರ್ಚಿಯಿಂದ ಎದ್ದು, ಅದನ್ನು ತಾವೇ ಎತ್ತಿಕೊಂಡು ಒಳಗೆ ಹೋದರು. ಮಾತು ಮುಗಿಯಿತು ಎಂದು ನಾವು ಕೆಳಗೆ ಬಂದೆವು.

ಮರುದಿನ ಬೆಳಿಗ್ಗೆ ಮೇಲಿನಿಂದ ಕುಂಡಗಳು ಇಳಿಯತೊಡಗಿದವು. ಅಕ್ಕೋರೇ ಒಂದೊಂದಾಗಿ ಸೊಂಟಕ್ಕೆ ಆನಿಸಿಕೊಂಡು ಮೆಟ್ಟಿಲಿಳಿಯುತ್ತಿದ್ದರು. ವರಾಂಡ ಖಾಲಿ ಮಾಡುತ್ತಿದ್ದರು. ಪ್ರೆಸ್ಸನ್ನು ಅಲ್ಲಿಗೆ ಏರಿಸಿ ಎಂದರು. ಧೂಳಿಗೆ ಏನು ಮಾಡುವುದು ಎಂದರೆ, ತಮ್ಮ ಹಳೆಯ ನೂಲಿನ ಸೀರೆಗಳನ್ನು ಕಂಬದಿಂದ ಕಂಬಕ್ಕೆ ಎರಡು ಪದರು ಕಟ್ಟಿದರು. ಧೂಳು ತಡೆಯಿತು, ಗಾಳಿ ಬಂತು. ಗಾಳಿಗೆ ಮೊದಮೊದಲು ಒಂದಿಷ್ಟು ಚೌಕಟ್ಟು ಒಣಗಿ ಕೆಟ್ಟವು. ಇಂಕನ್ನು ಸ್ವಲ್ಪ ಸ್ವಲ್ಪವೇ ಹಾಕಿ ಬೇಗ ಎಳೆಯುವುದನ್ನು ನಮ್ಮ ಮನೆಯವರು ಕಲಿತರು. ನನಗೆ ಅಲ್ಲಿಯೂ ಪ್ರವೇಶವಿರಲಿಲ್ಲ. ನಾನು ಕೆಳಗೆ ಮುಂದಿನ ಖೋಲಿಯಲ್ಲಿ ಕಿಟಕಿಯ ಬಳಿ. ಮೇಲೆ ಬಣ್ಣ ಕಲಸಿ ಒಂದು ತುಂಡು ಕಾಗದಕ್ಕೆ ಹಚ್ಚಿ, ಅದನ್ನು ಬಿಸಿಲಲ್ಲಿ ಪೂರ್ತಿ ಒಣಗಿಸಿ, ವಾಸನೆ ಹೋದಮೇಲೆ ಅಕ್ಕೋರು ನನಗೆ ತಂದು ತೋರಿಸುತ್ತಿದ್ದರು.

"ಕೆಂಪು ಕಮ್ಮಿ ಆಗೇತ್ರಿ ಅಕ್ಕೋರ. ಅರಿಷಿಣದ ಬಣ್ಣ ಒಂದು ಹನಿ ತಗೀಬೇಕು."

"ಹಾಕಿದ್ದನ್ನ ತಗಿಯೂದು ಹ್ಯಾಂಗ ತಂಗಿ?" ಎನ್ನುತ್ತ ಮತ್ತೆ ಮೆಟ್ಟಿಲೇರುತ್ತಿದ್ದರು.

ಆ ಸೀಜನ್ನು ಪೂರ್ತಿ ಹೀಗೇ ನಡೆಯಿತು. ಕಾಲೇಜಿನಲ್ಲಿ ಅವರೆಂದರೆ ನಡುಗುತ್ತಿದ್ದ ಹಳೆಯ ವಿದ್ಯಾರ್ಥಿಗಳು ಯಾರಾದರೂ ಬಂದರೆ, ಅಕ್ಕೋರು ಸೆರಗು ಸಿಕ್ಕಿಸಿಕೊಂಡು ಯಾರದೋ ಲಗ್ನಪತ್ರಿಕೆಯ ಗಣಪತಿಯನ್ನು ಗಾಳಿಗೆ ಹಿಡಿದು ನಿಂತಿರುತ್ತಿದ್ದರು. ಕೆಳಗಿಳಿದ ಗಿಡಗಳನ್ನು ನಾವು ಖಾಲಿಯಾದ ಪ್ರೆಸ್ಸಿನ ಖೋಲಿಯಲ್ಲಿ ಇಟ್ಟಿದ್ದೆವು. ಅಲ್ಲಿ ಬಿಸಿಲಿರಲಿಲ್ಲ. ಜರಿಗಿಡಗಳು ಹೋದವು, ಬಣ್ಣದೆಲೆಗಳು ಹೋದವು, ತಾಯಿಯ ಕಾಲದ ತುಳಸಿಯೂ ಹೋಯಿತು. ಅಕ್ಕೋರು ಒಣಗಿದ ಕಡ್ಡಿಗಳನ್ನು ಕಿತ್ತು ಮಣ್ಣನ್ನು ಹಿತ್ತಲಿಗೆ ಹರವಿದರು. ಒಂದು ಮಾತೂ ಆಡಲಿಲ್ಲ. ಆಡಿದ್ದರೆ ನನಗೆ ಹಗುರಾಗುತ್ತಿತ್ತು.

ಮಗಳು ದಿನ ತುಂಬಿ ಹುಟ್ಟಿದಳು. ಓಣಿಯ ಎಲ್ಲ ಮನೆಗಳಿಗೂ ಕೇಳುವಷ್ಟು ಗಟ್ಟಿ ಉಸಿರು, ಗಟ್ಟಿ ದನಿ. ನಿಮ್ಮಿಂದಲೇ ಇವಳು ಉಳಿದದ್ದು ಎಂದು ನಾನು ಕೂಸನ್ನು ಅವರ ಮಡಿಲಿಗೆ ಹಾಕಿದೆ. ಅಕ್ಕೋರು ಅವಳ ನೆತ್ತಿ ಮೂಸಿದರು. "ಅಕಿ ತನ್ನ ಪಾಡಿಗೆ ತಾ ಛಲೋ ಹುಟ್ಯಾಳ. ನನ್ನ ಹೆಸರು ಯಾಕ ಹಚ್ಚತೀ?" ಎಂದರು. ಅವರಿಗೆ ಉಪಕಾರ ಹೇಳುವುದು ಗೋಡೆಗೆ ನೀರು ಚೆಲ್ಲಿದ ಹಾಗೆ, ಒಂದು ಹನಿಯೂ ನಿಲ್ಲುತ್ತಿರಲಿಲ್ಲ.

ಕೆಲವು ವರ್ಷಗಳ ಮೇಲೆ ನಾವು ಬೈರಿದೇವರಕೊಪ್ಪದಲ್ಲಿ ಎತ್ತರದ ಮಾಡು, ನಾಲ್ಕೂ ಕಡೆ ಜಾಳಿಗೆಯ ಕಿಟಕಿ ಇರುವ ಶೆಡ್ಡು ಕಟ್ಟಿ ಅಲ್ಲಿಗೆ ಹೋದೆವು. ಕೆಲಸಕ್ಕೆ ಹೆಣ್ಣುಮಕ್ಕಳನ್ನು ಇಟ್ಟುಕೊಂಡಾಗ ಬಸುರಿಯರನ್ನು ಇಂಕಿನ ಕಡೆ ಬಿಡದೆ, ಪತ್ರಿಕೆ ಮಡಚುವ ಮೇಜಿಗೆ ಕಳಿಸುತ್ತೇನೆ. ಸಂಬಳ ಅದೇ. ಯಾಕೆಂದು ಕೇಳಿದರೆ ನಮ್ಮಲ್ಲಿ ಹಾಗೆ ಪದ್ಧತಿ ಎನ್ನುತ್ತೇನೆ.

ಎರಡು ಸಾವಿರದ ದಶಕ ಮುಗಿಯುತ್ತ ಬಂದಾಗ ಅಕ್ಕೋರಿಗೆ ಸುಸ್ತು ಶುರುವಾಯಿತು. ಮುಟ್ಟಿದಲ್ಲೆಲ್ಲ ಚರ್ಮ ನೀಲಿಗಟ್ಟುತ್ತಿತ್ತು. ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿದರು. ಎಲುಬಿನೊಳಗೆ ರಕ್ತ ತಯಾರಾಗುವುದೇ ಕೆಟ್ಟುಹೋಗಿದೆ ಎಂದರು. ಅವರ ಬಳಿ ಇರಲು ನಾನೇ ಹೋಗಿದ್ದೆ. ಒಂದು ಮಧ್ಯಾಹ್ನ ಎಳೆಯ ವಯಸ್ಸಿನ ಡಾಕ್ಟರು ಬಂದು, ನೀವು ಏನು ಕೆಲಸ ಮಾಡುತ್ತಿದ್ದಿರಿ, ಯಾವುದಾದರೂ ರಾಸಾಯನಿಕದ ಜೊತೆ ಇದ್ದಿರಾ ಎಂದು ಕೇಳಿದರು.

"ಬೆಂಜೀನ್," ಎಂದರು ಅಕ್ಕೋರು, ಹಾಜರಿ ಕೂಗಿದಾಗ ಓಗೊಟ್ಟ ಹಾಗೆ. "ವಯಸ್ಸಿನ್ಯಾಗ ಲ್ಯಾಬಿನೊಳಗ ಅದರಿಂದನ ಕೈ ತೊಳೀತಿದ್ವಿ. ಬಣ್ಣದ ಕಲಿ ಲಗೂ ಹೋಗತಿತ್ತು. ಬರ್ನರ್ ಜ್ವಾಲಿ ಅಲಗಾಡಬಾರದು, ಹೊರಗಿನ ಧೂಳು ಬರಬಾರದು ಅಂತ ಕಿಟಕಿ ಎಲ್ಲಾ ಮುಚ್ಚಿರತಿದ್ವಿ. ಅದು ಕೆಟ್ಟದ್ದು ಅಂತ ಆಮ್ಯಾಲೆ ಓದಿ ತಿಳಕೊಂಡೆ. ಅಷ್ಟೊತ್ತಿಗೆ ಭಾಳ ವರ್ಷ ಆಗಿತ್ತು."

ಡಾಕ್ಟರು ತಲೆಯಾಡಿಸಿ ಹೋದರು. ನಾನು ಅಕ್ಕೋರ ಕೈ ಹಿಡಿದು ಕೂತಿದ್ದೆ. ಅಂದು ವರಾಂಡದಲ್ಲಿ ಅವರು ಅಷ್ಟು ಗಡಸಾಗಿ ಅಂದ "ಇಲ್ಲ" ಎಲ್ಲಿಂದ ಬಂದಿತ್ತು ಎಂಬುದು ಆಗ ತಿಳಿಯಿತು. ಅಷ್ಟು ವರ್ಷ ಒಂದೇ ಸೂರಿನಡಿ ಇದ್ದರೂ ಒಮ್ಮೆಯೂ ಹೇಳಿರಲಿಲ್ಲ.

"ಆ ಲ್ಯಾಬ ನಿಮ್ಮನ್ನ ಕೊಂದಿತ್ರಿ ಅಕ್ಕೋರ," ಎಂದೆ.

ಅವರು ಕಣ್ಣು ಮುಚ್ಚಿದ್ದವರು ತೆರೆದರು. ವಿದ್ಯಾರ್ಥಿ ಉತ್ತರ ತಪ್ಪು ಬರೆದಾಗಿನ ಅಸಮಾಧಾನ ಅವರ ಮುಖದಲ್ಲಿತ್ತು.

"ಹಂಗನಬ್ಯಾಡ ತಂಗಿ. ಅದರಿಂದನ ಅಂತ ಹ್ಯಾಂಗ ಹೇಳತೀ? ನನ್ನ ಜೋಡಿ ಕೈ ತೊಳಕೊಂಡವ್ರು ಇನ್ನೂ ಗಟ್ಟಿಮುಟ್ಟ ಅದಾರ. ಒಬ್ಬಾಕಿ ಸತ್ರ ಏನೂ ಸಿದ್ಧ ಆಗೂದಿಲ್ಲ. ಭಾಳ ಮಂದೀನ್ನ ನೋಡಬೇಕಾಗತೈತಿ."

ಆ ವಾರವೇ ಹೋದರು.

ಅವರು ಹೇಳಿದ್ದು ಸರಿ ಎಂದು ನನಗೆ ಗೊತ್ತು. ಹತ್ತಾರು ವರ್ಷ ಅವರ ಮಾತು ಕೇಳಿದವಳಿಗೆ ಅಷ್ಟು ತಿಳಿಯದಿದ್ದರೆ ಹೇಗೆ? ಒಬ್ಬರ ಸಾವಿನಿಂದ ಏನನ್ನೂ ನಿರ್ಧರಿಸಲು ಬರುವುದಿಲ್ಲ, ಬಹಳ ಜನರನ್ನು ನೋಡಬೇಕು. ಆದರೆ ನಾನು ಎಲ್ಲಿಂದ ತರಲಿ? ನನಗೆ ಇದ್ದ ಅಕ್ಕೋರು ಒಬ್ಬರೇ.